ಬಾಯಿಗೆ ಮೂವತ್ತೆಂಟು, ಬುಕ್ಕಿಗೆ ನಲವತ್ತು

ಸೊಂಟಕ್ಕೆ ಟೇಪು ಸುತ್ತಿದ ಕೂಡಲೇ ಉಸಿರನ್ನು ಒಳಕ್ಕೆ ಎಳೆದುಕೊಳ್ಳದ ಗಂಡಸನ್ನು ನಾನು ಇದುವರೆಗೂ ನೋಡಿಲ್ಲ. ನಲವತ್ತು ವರ್ಷಕ್ಕೆ ಮೇಲಾಯಿತು, ನಂಜನಗೂಡಿನಲ್ಲಿ ಗಂಡಸರ ಬಟ್ಟೆ ಹೊಲಿಯುತ್ತಿದ್ದೇನೆ. ಬಾಗಿಲಲ್ಲಿ ಚಪ್ಪಲಿ ಬಿಡುವಾಗ ಇದ್ದ ಹೊಟ್ಟೆ ನನ್ನ ಮುಂದೆ ಬಂದು ನಿಲ್ಲುವಾಗ ಇರುವುದಿಲ್ಲ. ಎಲ್ಲಿಗೆ ಹೋಯಿತು ಎಂದು ನಾನು ಕೇಳುವುದಿಲ್ಲ. ಎಲ್ಲಿಗೂ ಹೋಗಿರುವುದಿಲ್ಲ, ಎದೆಯೊಳಗೆ ಎರಡು ನಿಮಿಷಕ್ಕೆ ಬಾಡಿಗೆಗೆ ಕುಳಿತಿರುತ್ತದೆ. ಅಂಥವರ ಹತ್ತಿರ ನಾನು ಅವಸರ ಮಾಡುವುದಿಲ್ಲ. ಟೇಪನ್ನು ಸಡಿಲವಾಗಿ ಹಿಡಿದುಕೊಂಡು, "ಮಗಳು ಈಗ ಎಷ್ಟನೇ ಕ್ಲಾಸು ಸಾ?" ಎಂದು ಕೇಳುತ್ತೇನೆ. ಉತ್ತರ ಹೇಳಬೇಕಾದರೆ ಉಸಿರು ಬಿಡಲೇಬೇಕು. ಬಿಡುತ್ತಾರೆ. ಹೊಟ್ಟೆ ತನ್ನ ಜಾಗಕ್ಕೆ ವಾಪಸು ಬರುತ್ತದೆ. ಅಷ್ಟರಲ್ಲಿ ನನ್ನ ಅಳತೆ ಮುಗಿದಿರುತ್ತದೆ.

ಆಮೇಲೆ ಬರುವುದೇ ಕಸುಬಿನ ಗುಟ್ಟು. ಟೇಪು ನಲವತ್ತು ತೋರಿಸಿದರೆ ನಾನು ಗಟ್ಟಿಯಾಗಿ "ಮೂವತ್ತೆಂಟು" ಎನ್ನುತ್ತೇನೆ. ಬುಕ್ಕಿನಲ್ಲಿ ಮಾತ್ರ ನಲವತ್ತು ಎಂದೇ ಬರೆದುಕೊಳ್ಳುತ್ತೇನೆ. ಗಿರಾಕಿಯ ಮುಖ ಅರಳುತ್ತದೆ. "ಹೋದ ವರ್ಷಾನೂ ಮೂವತ್ತೆಂಟೇ ಅಲ್ವಾ?" ಎನ್ನುತ್ತಾರೆ. "ಅಷ್ಟೇ ಸಾ, ನೀವು ಮೈ ಬಿಡೋರಲ್ಲ" ಎನ್ನುತ್ತೇನೆ. ಇದನ್ನು ನನಗೆ ಕಲಿಸಿದವರು ಮೈಸೂರಿನಲ್ಲಿ ಕೆಲಸ ಹೇಳಿಕೊಟ್ಟ ನನ್ನ ಗುರುಗಳಾದ ಸಾಬರು. "ಅಳತೆ ಬುಕ್ಕಿಗೆ ಹೇಳು, ಗಿರಾಕಿಗೆ ಸಮಾಧಾನ ಹೇಳು. ಎರಡನ್ನೂ ಕಲಸಿಕೊಂಡೆಯೋ ಅಂಗಡಿ ಮುಚ್ಚು" ಎಂದಿದ್ದರು. ಇದರಲ್ಲಿ ಮೋಸವೇನೂ ಇಲ್ಲ. ಪ್ಯಾಂಟು ಸರಿಯಾಗಿ ಕೂರುತ್ತದೆ, ಮನುಷ್ಯನೂ ನೆಟ್ಟಗೆ ನಡೆದುಕೊಂಡು ಹೋಗುತ್ತಾನೆ. ವಯಸ್ಸಾಗುತ್ತಿದೆ ಎನ್ನುವುದನ್ನು ಹೇಳಲು ಊರಲ್ಲಿ ಬೇಕಾದಷ್ಟು ಜನ ಇದ್ದಾರೆ. ಟೈಲರೂ ಏಕೆ ಹೇಳಬೇಕು?

ನಾನು ಶಾಲೆ ಬಿಟ್ಟದ್ದು ಆರನೇ ತರಗತಿಯಲ್ಲಿ. ಮೇಷ್ಟ್ರು ಹೊಡೆದರೆಂದಲ್ಲ, ಮನೆಯಲ್ಲಿ ದುಡಿಯುವ ಕೈ ಬೇಕಾಗಿತ್ತು. ಅದಕ್ಕೆ ನಾಚಿಕೆಯಿಲ್ಲ. ಮುಂದೆ ಡಿಗ್ರಿ ಓದಿದವರು, ಲಾಯರಿಕೆ ಓದಿದವರು ಎಲ್ಲರೂ ನನ್ನ ಮುಂದೆ ಎರಡು ಕೈ ಮೇಲೆತ್ತಿ ನಿಂತಿದ್ದಾರೆ. ಬದನವಾಳಿನ ಖಾದಿ ಬಟ್ಟೆ ತಂದು ಜುಬ್ಬ ಹೊಲಿಸುತ್ತಿದ್ದ ನಿವೃತ್ತ ಹೆಡ್‌ಮಾಸ್ತರರೊಬ್ಬರಿದ್ದರು. ಪ್ರತಿ ವರ್ಷ ಹಳೆಯ ಜುಬ್ಬ ಬಿಗಿಯಾಗುತ್ತಿತ್ತು, ಪ್ರತಿ ವರ್ಷ ಅವರು, "ಏನಯ್ಯಾ, ಈ ಖಾದಿ ಇನ್ನೂ ಕುಗ್ಗುತ್ತಲೇ ಇದೆಯಲ್ಲ?" ಎನ್ನುತ್ತಿದ್ದರು. "ಹತ್ತಿ ಅಲ್ವಾ ಸಾ, ಅದರ ಗುಣ" ಎನ್ನುತ್ತಿದ್ದೆ. ಆ ಬಡಪಾಯಿ ಖಾದಿ ಎರಡು ಸಲ ನೀರು ಕಂಡಾಗಲೇ ಕುಗ್ಗುವುದನ್ನೆಲ್ಲ ಕುಗ್ಗಿ ಮುಗಿಸಿತ್ತು ಎನ್ನುವುದು ನಮ್ಮಿಬ್ಬರಿಗೂ ಗೊತ್ತಿತ್ತು.

ಹೀಗೆ ಊರಿನವರ ವಯಸ್ಸನ್ನೆಲ್ಲ ಕಾಪಾಡಿಕೊಂಡು ಬಂದ ನನಗೆ ನನ್ನದೇ ಒಂದು ಹೆಮ್ಮೆಯಿತ್ತು. ಅರವತ್ತಮೂರು ವರ್ಷವಾದರೂ ನನಗೆ ಕನ್ನಡಕವಿರಲಿಲ್ಲ. ಬಂದವರಿಗೆಲ್ಲ ಅದನ್ನು ನಾನಾಗಿಯೇ ಹೇಳುತ್ತಿದ್ದೆ. "ಈಗಿನ ಹುಡುಗರು ಮೂವತ್ತಕ್ಕೇ ಹಾಕ್ಕೋತಾರೆ. ನೋಡಿ, ನಾನು ಇವತ್ತಿಗೂ ಬರಿಗಣ್ಣಲ್ಲೇ ಹೊಲೀತೀನಿ" ಎನ್ನುತ್ತಿದ್ದೆ. ಹೊಲಿಯುತ್ತಿದ್ದದ್ದು ನಿಜ. ಕಣ್ಣಿಗೆ ಕಾಣದಿದ್ದದ್ದನ್ನು ಕೈಬೆರಳು ನೋಡಿಕೊಳ್ಳುತ್ತಿತ್ತು. ಬೆಳಿಗ್ಗೆ ಮಿಷನ್ನಿನ ಮುಂದೆ ಕುಳಿತರೆ ಸೂಜಿಗೆ ದಾರ ಪೋಣಿಸಿಯೇ ಇರುತ್ತಿತ್ತು. ನೆನ್ನೆ ಸಂಜೆ ಏಳುವಾಗ ನಾನೇ ಪೋಣಿಸಿರಬೇಕು ಎಂದುಕೊಳ್ಳುತ್ತಿದ್ದೆ. ಮಧ್ಯೆ ದಾರ ಕಡಿದುಹೋದರೆ ನಾನು ತುದಿಯನ್ನು ಎಂಜಲು ಮಾಡಿ, ಚೂಪು ಮಾಡಿ, ಸೂಜಿಯ ಕಡೆಗೆ ಒಂದೆರಡು ಸಲ ದಾಳಿ ಮಾಡುವಷ್ಟರಲ್ಲಿ ಒಳಗಿನಿಂದ ನನ್ನ ಹೆಂಡತಿ ಮಂಗಳಮ್ಮನ ಕೂಗು ಕೇಳಿಸುತ್ತಿತ್ತು. "ಏನೂಂದ್ರೆ, ಒಸಿ ಬನ್ನಿ. ಅಟ್ಟದ ಮೇಲಿನ ಡಬ್ಬ ನಂಗೆ ಎಟುಕಲ್ಲ." ನಾನು ಎದ್ದು ಹೋಗಿ ಡಬ್ಬ ಇಳಿಸಿಕೊಡುತ್ತಿದ್ದೆ. ಈ ಮನೆಯಲ್ಲಿ ನಾನಿಲ್ಲದೆ ಒಂದು ಡಬ್ಬವೂ ಕೆಳಗಿಳಿಯುವುದಿಲ್ಲವಲ್ಲ ಎಂದು ಒಳಗೊಳಗೇ ಹಿಗ್ಗುತ್ತಿದ್ದೆ. ತಿರುಗಿ ಬಂದು ಕುಳಿತರೆ ದಾರ ಸೂಜಿಯಲ್ಲಿ ಇರುತ್ತಿತ್ತು. ಅಂಗಡಿ ಎಂದರೆ ನಮ್ಮ ಮನೆಯ ಮುಂದಿನ ಕೋಣೆಯೇ ಆದ್ದರಿಂದ ಸೊಸೆ ಸವಿತಾ ಆಗ ಅಲ್ಲೇ ಗುಡಿಸುತ್ತಲೋ ಬಟ್ಟೆ ಮಡಿಸುತ್ತಲೋ ಇರುತ್ತಿದ್ದಳು. ನಾನು ಹೆಚ್ಚು ವಿಚಾರ ಮಾಡಲಿಲ್ಲ. ತನಗೆ ಅನುಕೂಲವಾದ ವಿಷಯದಲ್ಲಿ ಮನುಷ್ಯ ಹೆಚ್ಚು ವಿಚಾರ ಮಾಡುವುದಿಲ್ಲ.

ಈಚೆಗೆ ಒಂದು ಸಲ ಮಾತ್ರ ಸ್ವಲ್ಪ ಹೆಚ್ಚುಕಡಿಮೆಯಾಯಿತು. ಕಾಲೇಜಿನ ಹುಡುಗನೊಬ್ಬನ ಅಂಗಿಯ ತೋಳು ಇಪ್ಪತ್ತಮೂರು ಎಂದು ನಾನೇ ಬರೆದಿದ್ದೆ. ಕತ್ತರಿಸುವಾಗ ನನ್ನ ಕಣ್ಣಿಗೆ ಅದು ಇಪ್ಪತ್ತೆಂಟಾಗಿ ಕಂಡಿತು. ಹುಡುಗ ಅಂಗಿ ತೊಟ್ಟರೆ ಕೈಯೇ ಕಾಣಿಸಲಿಲ್ಲ. "ಈಗ ಇದೇ ಫ್ಯಾಶನ್ ಅಲ್ವೇನಪ್ಪಾ?" ಎಂದೆ. ಅವನು ಒಪ್ಪಲಿಲ್ಲ. ಮಾರನೆಯ ದಿನ ಸವಿತಾ ಬಂದು, "ಮಾವ, ನಂಗೂ ಈ ಕೆಲ್ಸ ಕಲೀಬೇಕು ಅಂತ ಆಸೆ. ನೀವು ಅಳತೆ ತಗಳಿ, ನಾನು ಬರ್ಕತೀನಿ" ಎಂದಳು. ಮದುವೆಗೆ ಮುಂಚೆ ಅವಳು ಊರಲ್ಲಿ ಹೊಲಿಗೆ ತರಬೇತಿಗೆ ಹೋದವಳು. ಕಲಿಯುವುದು ಅಂಥದ್ದೇನೂ ಉಳಿದಿರಲಿಲ್ಲ. ಆದರೂ ವಿದ್ಯೆ ಕೇಳಿಕೊಂಡು ಬಂದವರಿಗೆ ಇಲ್ಲ ಎನ್ನಬಾರದೆಂದು ಬುಕ್ಕು ಕೊಟ್ಟೆ. ತಾಂಡ್ಯದ ಫ್ಯಾಕ್ಟರಿಗೆ ಶಿಫ್ಟಿಗೆ ಹೊರಟಿದ್ದ ಮಗ, "ಒಳ್ಳೇದಾಯ್ತು ಬಿಡಪ್ಪ" ಎಂದು ಅಗತ್ಯಕ್ಕಿಂತ ಸ್ವಲ್ಪ ಹೆಚ್ಚಾಗಿಯೇ ಸಂತೋಷಪಟ್ಟ.

ಸವಿತಾ ಬುಕ್ಕು ಹಿಡಿದ ಮೇಲೆ ಬಂದವರೆಲ್ಲ ಸ್ಕೂಲು ಕಾಲೇಜಿನ ಹುಡುಗರು, ಕಡ್ಡಿಯಂಥವರು. ಅವರಿಗೆ ನಾನು ಹೇಳುವ ಲೆಕ್ಕ, ಇರುವ ಲೆಕ್ಕ ಎರಡೂ ಒಂದೇ. ಅವಳ ಕಾಲದಲ್ಲಿ ಬಂದ ಮೊದಲನೆಯ ಹೊಟ್ಟೆ ಎಂದರೆ ಅವಳ ಅಪ್ಪನದೇ.

ನಮ್ಮ ಬೀಗರು ನಿಂಗರಾಜಪ್ಪನವರು ಟಿ. ನರಸೀಪುರದ ಕಡೆ ನಾಲೆಯಲ್ಲಿ ನೀರು ಬಿಡುವ ನೀರುಗಂಟಿಯಾಗಿದ್ದರು. ವರ್ಷಾನುಗಟ್ಟಲೆ ಏರಿಯ ಮೇಲೆ ಸೈಕಲ್ಲು ತುಳಿದ ಮನುಷ್ಯ, ಈಗ ನಿವೃತ್ತಿ. ಆಫೀಸಿನವರು ಒಂದು ಸಣ್ಣ ಬೀಳ್ಕೊಡುಗೆ ಇಟ್ಟುಕೊಂಡಿದ್ದರು. ಮಗಳ ಮದುವೆಯಿಂದಲೂ ನನ್ನ ಹತ್ತಿರವೇ ಬಟ್ಟೆ ಹೊಲಿಸುತ್ತಿದ್ದ ಬೀಗರು ಬೂದುಬಣ್ಣದ ಬಟ್ಟೆಯ ಪೊಟ್ಟಣ ಹಿಡಿದುಕೊಂಡು ನಮ್ಮ ಮನೆಗೆ ಬಂದರು.

"ಬೀಗ್ರೇ, ಸರ್ವೀಸೆಲ್ಲಾ ಕಾಕಿ ಆಕ್ಕಂಡೇ ಕಳ್ದೋಯ್ತು. ಸಾಹೇಬ್ರುಗಳು ಆಕಳ್ತಾರಲ್ಲ, ಆ ಸಫಾರಿ ಒಂದ್ಸತಿ ಆಕಬೇಕು ಅಂತ ಆಸೆ. ನಿಮ್ ಕೈಲೇ ಒಲಿಬೇಕು."

ಸಫಾರಿ ಹೊಲಿಸುವವರು ಈಗ ಯಾರಿದ್ದಾರೆ? ನನಗೆ ಕೈ ನವೆಯಾಯಿತು. ಬೀಗರನ್ನು ನಿಲ್ಲಿಸಿದೆ. ಟೇಪು ಸುತ್ತಿದೆ. ಅವರು ಉಸಿರು ಎಳೆದುಕೊಂಡರು. "ಈ ಸತಿ ನಾಟಿ ಆಯ್ತಾ ಬೀಗ್ರೇ?" ಎಂದೆ. ನಾಟಿಯ ವಿಷಯಕ್ಕೆ ಅವರು ಉದ್ದವಾಗಿಯೇ ಉಸಿರು ಬಿಟ್ಟರು. ಟೇಪಿನ ಅಂಕಿ ನನಗೆ ಮಸುಕಾಗಿತ್ತಾದರೂ, ಹೆಬ್ಬೆರಳಿಗೆ ನಲವತ್ತರ ಜಾಗ ಗೊತ್ತಿಲ್ಲವೇ? ಅಭ್ಯಾಸದಂತೆ ಬಾಯಿ, "ಮೂವತ್ತೆಂಟು" ಎಂದಿತು. ಹಿಂದೆ ನಿಂತಿದ್ದ ಸವಿತಾ ಚೊಕ್ಕವಾಗಿ ಬರೆದುಕೊಂಡಳು.

ಬಟ್ಟೆ ಕತ್ತರಿಸುವ ದಿನ ಅವಳೇ ಓದಿ ಹೇಳಿದಳು. "ಹೊಟ್ಟೆ, ಸೊಂಟ ಎರಡೂ ಮೂವತ್ತೆಂಟು ಮಾವ." ನಾನು, "ಪರವಾಗಿಲ್ಲ ಕಣಮ್ಮಾ, ನಿಮ್ಮಪ್ಪ ಮೈನ ಚೆನ್ನಾಗಿಟ್ಕೊಂಡವ್ರೆ" ಎಂದೆ. ನಾನು ಹೇಳಿದ ಸಮಾಧಾನವನ್ನು ನಾನೇ ನಂಬಿದ್ದು ಅದೇ ಮೊದಲು. ಒಂದು ಸಲ ತೊಡಿಸಿ ನೋಡೋಣವೇ ಎಂದು ಸವಿತಾ ಕೇಳಿದಳು. ಟ್ರಯಲ್ ನೋಡುವುದೆಲ್ಲ ಕೈಯಲ್ಲಿ ನಂಬಿಕೆಯಿಲ್ಲದವರ ಕೆಲಸ ಎಂದುಬಿಟ್ಟೆ.

ಬೀಳ್ಕೊಡುಗೆಯ ದಿನ ಬೆಳಿಗ್ಗೆ ಮೊದಲ ಬಸ್ಸಿಗೇ ನಾನು, ಮಂಗಳಮ್ಮ, ಸವಿತಾ ಮೂವರೂ ಹೊರಟೆವು. ಸಫಾರಿಯನ್ನು ನನ್ನ ತೊಡೆಯ ಮೇಲೆ ಮಗುವಿನ ಹಾಗೆ ಮಲಗಿಸಿಕೊಂಡಿದ್ದೆ. ಬೀಗರ ಮನೆಯಲ್ಲಿ ಇಡ್ಲಿ ತಿಂದು ಮುಗಿಸುವಾಗ ಎಂಟೂವರೆ. ಸಮಾರಂಭ ಹನ್ನೊಂದಕ್ಕೆ. ಬೀಗರು ಒಳಗೆ ಹೋಗಿ ಸಫಾರಿ ಹಾಕಿಕೊಂಡರು. ಬಹಳ ಹೊತ್ತು ಬರಲೇ ಇಲ್ಲ. ಬಂದಾಗ ಮುಖ ಕೆಂಪಾಗಿತ್ತು. ಮೇಲಿನ ಎರಡು ಗುಂಡಿ ಸೇರಿದ್ದವು, ಕೆಳಗಿನ ಎರಡು ಒಂದರ ಮುಖ ಒಂದು ನೋಡಿಕೊಂಡು ದೂರದಲ್ಲೇ ನಿಂತಿದ್ದವು. ಪ್ಯಾಂಟನ್ನು ಅವರು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದರು.

ಬೀಗರೇ ಮೊದಲು, "ನಿಮ್ ತಪ್ಪಲ್ಲ ಬೀಗ್ರೇ. ಬೀಳ್ಕೊಡುಗೆ ಬೀಳ್ಕೊಡುಗೆ ಅಂತ ಒಂದು ವಾರದಿಂದ ಕಂಡಕಂಡವರ ಮನೇಲಿ ಊಟ ಆಕುಸ್ಬುಟ್ರು" ಎಂದರು. ಸವಿತಾ ಬುಕ್ಕಿನ ಹಾಳೆಯನ್ನು ನೆನಪಿಸಿಕೊಳ್ಳುತ್ತ ಅಳುವಂತಾದಳು. "ಇಲ್ಲಪ್ಪ, ನಾನೇ ಬರೆಯೋವಾಗ ತಪ್ಪು ಮಾಡಿರ್ಬೇಕು" ಎಂದಳು. ಅವಳ ತಾಯಿಗೆ ಅಷ್ಟೇ ಸಾಕಾಯಿತು. "ಎರಡು ಅಂಕಿ ನೆಟ್ಟಗೆ ಬರೆಯೋಕ್ ಬರಾಕಿಲ್ವಾ ನಿಂಗೆ? ಬೀಗ್ರು ಇಂಥಾ ದೊಡ್ ಕೆಲಸಗಾರ, ಅವರ ಎಸ್ರು ಕೆಡಿಸ್ಬುಟ್ಟಲ್ಲ!" ಎಂದು ಮಗಳ ಮೇಲೆ ಹರಿಹಾಯ್ದರು.

ನಾನು ಸುಮ್ಮನಿದ್ದರೆ ನನ್ನ ಹೆಸರು ಉಳಿಯುತ್ತಿತ್ತು. ಒಬ್ಬರು ತಮ್ಮ ಹೊಟ್ಟೆಯ ಮೇಲೆ ಹಾಕಿಕೊಂಡಿದ್ದರು, ಇನ್ನೊಬ್ಬಳು ತನ್ನ ಬರವಣಿಗೆಯ ಮೇಲೆ. ಇಷ್ಟು ಅನುಕೂಲ ಯಾವ ಟೈಲರಿಗೆ ಸಿಗುತ್ತದೆ? ನಿಜ ಹೇಳುತ್ತೇನೆ, ಒಂದು ಗಳಿಗೆ ಸುಮ್ಮನೇ ಇದ್ದೆ. ಹುಬ್ಬು ಗಂಟಿಕ್ಕಿಕೊಂಡು, ಬಟ್ಟೆಯ ತಪ್ಪೇನಾದರೂ ಇದೆಯೇ ಎನ್ನುವ ಹಾಗೆ ಹೊಲಿಗೆ ಮುಟ್ಟಿ ನೋಡಿದೆ. ಆಗ ಮಂಗಳಮ್ಮ ನನ್ನ ಮುಖ ನೋಡಿದಳು. ಬಾಯಿಗೊಂದು ಬುಕ್ಕಿಗೊಂದು ಲೆಕ್ಕ ಹೇಳುವುದನ್ನು ಮದುವೆಯಾದಾಗಿನಿಂದ ಕೇಳಿಸಿಕೊಂಡವಳು. ಸವಿತಾಳ ಕಡೆ ಒಂದು ಸಲ ನೋಡಿ ಮತ್ತೆ ನನ್ನ ಕಡೆ ನೋಡಿದಳು, ಅಷ್ಟೇ.

"ಅವಳು ಸರಿಯಾಗೇ ಬರ್ದವ್ಳೆ" ಎಂದೆ. "ನಾನು ಹೇಳಿದ್ದನ್ನೇ ಬರ್ದವ್ಳೆ. ನಾನು ಹೇಳಿದ್ದು ಮೂವತ್ತೆಂಟು. ಇದ್ದದ್ದು ನಲವತ್ತು."

ಆಮೇಲೆ ಕಸುಬಿನ ಗುಟ್ಟನ್ನೆಲ್ಲ ಬಿಡಿಸಿ ಹೇಳಬೇಕಾಯಿತು. ಬೀಗರು ಪ್ಯಾಂಟು ಹಿಡಿದುಕೊಂಡೇ ಪೂರ್ತಿ ಕೇಳಿದರು.

"ಅಂದ್ರೆ ಮಗಳ ಮದುವೆಯಿಂದ ನೀವು ನಂಗೆ ಯೋಳ್ತಾ ಇದ್ದದ್ದೆಲ್ಲಾ ಬಾಯಿ ಲೆಕ್ಕವಾ?"

"ಊಂ ಬೀಗ್ರೇ."

"ಅಯ್ಯೋ ನಿಮ್ಮ! ನಾನು ಆಫೀಸಲ್ಲೆಲ್ಲಾ ಮೂವತ್ತೆಂಟು ಮೂವತ್ತೆಂಟು ಅಂತ ಯೋಳ್ಕಂಡು ತಿರುಗ್ತಾ ಇವ್ನಲ್ಲಾ ಕಣ್ರೀ!"

ಬೀಗಿತ್ತಿ ಸೆರಗು ಬಾಯಿಗಿಟ್ಟುಕೊಂಡು ಗೋಡೆಯ ಕಡೆ ತಿರುಗಿದರು. ಬೀಗರಿಗೂ ನಗು ಬಂತು. ನಕ್ಕರೆ ಎರಡನೆಯ ಗುಂಡಿಗೆ ಅಪಾಯವೆಂದು ತಡೆದುಕೊಂಡರು. ಆದರೆ ನೀರಿನ ಸರದಿಯ ಜಗಳ ಎಷ್ಟೋ ಬಿಡಿಸಿದ ಮನುಷ್ಯ, ಪ್ರಶ್ನೆ ಬಿಡಲಿಲ್ಲ. "ಅದ್ಸರಿ, ನಿಮ್ ಬುಕ್ಕ ನೀವೇ ಬರ್ಕತಿದ್ರಲ್ಲ ಬೀಗ್ರೇ, ಈಗ್ಯಾಕೆ ಮಗೀನ ಕೈಗೆ ಕೊಟ್ರಿ?"

ಅದಕ್ಕೆ ನನ್ನ ಹತ್ತಿರ ಉತ್ತರವಿತ್ತು: ಅವಳಿಗೆ ವಿದ್ಯೆ ಕಲಿಸುತ್ತಿದ್ದೇನೆ ಎನ್ನುವುದು. ಬಾಯಿಯವರೆಗೂ ಬಂತು. ಸವಿತಾಳ ಕಣ್ಣಿನಲ್ಲಿ ಇನ್ನೂ ನೀರಿತ್ತು. "ಕಣ್ಣು ಕಾಣಲ್ಲ ಬೀಗ್ರೇ" ಎಂದೆ. ಅಷ್ಟು ಸಣ್ಣ ಮಾತು. ಇನ್ನು ನನ್ನನ್ನು ಮಿಷನ್ನಿನಿಂದ ಎಬ್ಬಿಸಿ ಒಂದು ಮೂಲೆಯಲ್ಲಿ ಕೂರಿಸುತ್ತಾರೆ ಎಂದುಕೊಂಡೆ. ಅರವತ್ತಮೂರು ವರ್ಷದಲ್ಲಿ ನಾನು ಹೆದರಿದ್ದೆಲ್ಲ ಅದೊಂದಕ್ಕೇ.

ಮಂಗಳಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. "ಅದು ನಮಗೆ ಗೊತ್ತು. ನಾಲ್ಕು ವರ್ಷದಿಂದ ಸವಿತಾನೇ ದಾರ ಪೋಣಿಸ್ತಾ ಇರೋದು. ನಾನು ನಿಮ್ಮನ್ನ ಒಳಕ್ಕೆ ಕರೆಯೋಕೆ ನೆವ ಹುಡುಕಿ ಹುಡುಕಿ ಸಾಕಾಗೋಗದೆ. ಅಟ್ಟದ ಮೇಲೆ ಇಡೋಕೆ ಮನೇಲಿ ಇನ್ನು ಡಬ್ಬ ಇಲ್ಲ. ಈಗ ಸುಮ್ನೆ ನಿಂತ್ಕಂಡ್ರೆ ಆಯ್ತದಾ? ಒಳಗೆ ಬಟ್ಟೆ ಬಿಟ್ಟಿದೀರೋ ಇಲ್ವೋ?"

ಬಿಟ್ಟಿದ್ದೆ. ಹೊಲಿಗೆಯ ಒಳಗೆ ಒಂದಿಷ್ಟು ಬಟ್ಟೆ ಬಿಡದೆ ನಾನು ಯಾರಿಗೂ ಹೊಲಿದವನಲ್ಲ. ಮನುಷ್ಯ ಇದ್ದ ಹಾಗೇ ಇರುವುದಿಲ್ಲ ಎನ್ನುವುದು ಟೈಲರಿಗೆ ಗೊತ್ತಿರಬೇಕು. ಆ ಡಬ್ಬಗಳ ವಿಷಯ ಮಾತ್ರ ಎದೆಗೆ ಸ್ವಲ್ಪ ಚುಚ್ಚಿತು. ನಾಲ್ಕು ವರ್ಷ ನಾನು ಇಳಿಸಿಕೊಟ್ಟ ಡಬ್ಬಗಳನ್ನು ಈ ಹೆಂಗಸು ಸ್ಟೂಲು ಹಾಕಿಕೊಂಡು ಮತ್ತೆ ಮೇಲಿಡುತ್ತಿದ್ದಳಲ್ಲ!

ಸವಿತಾ ತರಬೇತಿಗೆ ಹೋಗುವಾಗ ತೆಗೆಸಿಕೊಟ್ಟಿದ್ದ ಮಿಷನ್ನು ಆ ಮನೆಯ ಮೂಲೆಯಲ್ಲಿ ಹಾಸಿಗೆ, ಹೊದಿಕೆ ಹೊತ್ತುಕೊಂಡು ನಿಂತಿತ್ತು. ಬೀಗಿತ್ತಿ ಅದನ್ನೆಲ್ಲ ಇಳಿಸಿ, ಮಿಷನ್ನಿಗೆ ಎಣ್ಣೆ ಬಿಟ್ಟರು. ಬೀಗರು ಪಂಚೆಗೆ ಇಳಿದು ಬಂದು, ತಮ್ಮ ಓದುವ ಕನ್ನಡಕವನ್ನು ಅಂಗೈಯಲ್ಲಿಟ್ಟು ಚಾಚಿದರು. "ಇದ ಆಕ್ಕಳಿ ಬೀಗ್ರೇ. ನಂಗೇನು ಈಗ ಬೇಕಾಗಿಲ್ಲ." ನಾನು ಹಾಕಿಕೊಂಡೆ. ಏನು ಹೇಳಲಿ! ನನ್ನ ಹೊಲಿಗೆಯನ್ನು ನಾನು ಎಷ್ಟೋ ವರ್ಷದ ಮೇಲೆ ನೋಡಿದೆ. ಒಂದು ಕಡೆ ನೆಟ್ಟಗೆ ಗೆರೆ ಎಳೆದಂತೆ, ಇನ್ನೊಂದು ಕಡೆ ಸ್ವಲ್ಪ ಏರಿಯ ಮೇಲಿನ ದಾರಿಯಂತೆ. ಅಡ್ಡಾದಿಡ್ಡಿಯಾದ ಜಾಗದಲ್ಲೆಲ್ಲ ಯಾರೋ ಕೈಸೂಜಿಯಲ್ಲಿ ಸಣ್ಣಗೆ ಸರಿಮಾಡಿದ್ದರು. ಸವಿತಾಳ ಮುಖ ನೋಡಿದೆ. ಅವಳು ಬಗ್ಗಿಕೊಂಡು ಬಹಳ ಶ್ರದ್ಧೆಯಿಂದ ಹೊಲಿಗೆ ಬಿಚ್ಚುತ್ತಿದ್ದಳು.

ಅವಳು ಬಿಚ್ಚಿದಳು, ಮಂಗಳಮ್ಮ ಎಳೆದು ಹಿಡಿದಳು, ನಾನು ಹೊಲಿದೆ. ಒಂದು ಸಲ ದಾರ ಕಡಿಯಿತು. ಎಲ್ಲರೂ ನನ್ನ ಕಡೆ ನೋಡಿ, ಆಮೇಲೆ ಬೇರೆ ಎಲ್ಲೋ ನೋಡುವಂತೆ ನಟಿಸಿದರು. ಸೂಜಿಯ ಕಣ್ಣು ಬಾವಿಯಷ್ಟು ದೊಡ್ಡದಾಗಿ ಕಾಣುತ್ತಿತ್ತು. ಒಂದೇ ಏಟಿಗೆ ಪೋಣಿಸಿದೆ. "ಅರೆ!" ಎಂದರು ಬೀಗಿತ್ತಿ. ಹತ್ತೂವರೆಗೆ ಇಸ್ತ್ರಿಯಾಗಿ ಸಫಾರಿ ತಯಾರು. ಈ ಸಲ ನಾಲ್ಕು ಗುಂಡಿಯೂ ಸೇರಿದವು. ಬೀಗರು ಉಸಿರು ಪೂರ್ತಿ ಬಿಟ್ಟು, ಹೊಟ್ಟೆಯ ಮೇಲೆ ಕೈಯಾಡಿಸಿಕೊಂಡು, "ನಲವತ್ತು ಚೆನ್ನಾಗದೆ ಬೀಗ್ರೇ. ಆರಾಮಾಗದೆ" ಎಂದರು.

ಸಮಾರಂಭದಲ್ಲಿ ನಮಗೆ ಮುಂದಿನ ಸಾಲಿನಲ್ಲೇ ಕುರ್ಚಿ. ನನ್ನ ಕೈಗೆ ಯಾರೋ ಕಾರ್ಯಕ್ರಮದ ಚೀಟಿ ಕೊಟ್ಟರು. ಪ್ರಾರ್ಥನೆ, ಸ್ವಾಗತ, ವಂದನಾರ್ಪಣೆ ಎಲ್ಲವನ್ನೂ ಅಕ್ಷರ ಅಕ್ಷರವಾಗಿ ಓದಿದೆ. ಕೆಳಗೆ ಇರುವೆ ಸಾಲಿನಂತಿದ್ದ ಪ್ರೆಸ್ಸಿನ ವಿಳಾಸವನ್ನೂ ಬಿಡಲಿಲ್ಲ. ನನ್ನ ಅಂಗಿಯ ನೇಯ್ಗೆ ನೋಡಿದೆ, ಬೆರಳ ತುದಿಯಲ್ಲಿದ್ದ ಹಳೆಯ ಸೂಜಿಯ ಗುರುತುಗಳನ್ನು ನೋಡಿದೆ. ದೂರದ ವೇದಿಕೆ ಮಂಜುಮಂಜಾಗಿತ್ತು. ಹತ್ತಿರದ್ದೇ ಇಷ್ಟು ಚೆನ್ನಾಗಿರುವಾಗ ದೂರದ್ದು ಯಾರಿಗೆ ಬೇಕು? ಹಾರ ಹಾಕಿದರು, ಶಾಲು ಹೊದಿಸಿದರು. ಬೀಗರು ಮಾತಾಡಲು ಎದ್ದರು. ಕಾಗದವೊಂದನ್ನು ಬಿಚ್ಚಿ ಹಿಡಿದುಕೊಂಡು, ಸಫಾರಿಯ ಮೇಲಿನ ಜೇಬು ಮುಟ್ಟಿ ನೋಡಿಕೊಂಡರು. ಆಮೇಲೆ ಇನ್ನೊಂದು ಜೇಬು. ಆಮೇಲೆ ಕೆಳಗಿನ ಎರಡು. ನಾನು ಮಂಗಳಮ್ಮನಿಗೆ ಮೊಣಕೈಯಲ್ಲಿ ತಿವಿದೆ. "ನೋಡು, ಜೇಬು ಎಷ್ಟು ಮೆಚ್ಚಿಕೊಂಡವ್ರೆ!" ಅವಳು ತಿರುಗಿ ನನ್ನ ಮುಖ ನೋಡಿ, "ಅಯ್ಯೋ" ಎಂದಳು.

ಅಷ್ಟರಲ್ಲಿ ಮೈಕಿನಲ್ಲೇ ಕೇಳಿಸಿತು. "ಬೀಗ್ರೇ... ತಪ್ಪು ತಿಳ್ಕಬ್ಯಾಡಿ... ಒಸಿ ಆ ಕನ್ನಡಕ ಕೊಡ್ತೀರಾ?"

ಇಡೀ ಸಭೆ ತಿರುಗಿ ನೋಡಿತು. ನಾನು ಎದ್ದು, ವೇದಿಕೆಯ ಮೆಟ್ಟಿಲವರೆಗೂ ಹೋಗಿ, ಮೂಗಿನ ಮೇಲಿದ್ದದ್ದನ್ನು ತೆಗೆದುಕೊಟ್ಟು ಬಂದೆ. ಬೀಗರು ಅದನ್ನು ಹಾಕಿಕೊಂಡು ಕಾಗದ ಓದಿದರು. ನಾಲೆಯ ಬಗ್ಗೆ, ಸೈಕಲ್ಲಿನ ಬಗ್ಗೆ, ಸಾಹೇಬರ ಬಗ್ಗೆ ಓದಿದರು. ಕೊನೆಗೆ ಕಾಗದ ಮಡಿಸಿ, "ಈ ಸಫಾರಿ ಒಲ್ದವ್ರು ಅಲ್ಲಿ ಕುಂತವ್ರಲ್ಲ, ನಮ್ ಬೀಗ್ರು. ಇನ್ನೂ ಇಪ್ಪತ್ತು ವರ್ಷ ಅವರೇ ಒಲಿತಾರೆ" ಎಂದರು. ಚಪ್ಪಾಳೆ ಜೋರಾಗಿಯೇ ಬಿತ್ತು. ಮಂಗಳಮ್ಮನೂ ತಟ್ಟಿದಳು. ಸವಿತಾ ತಟ್ಟುವುದು ನಿಲ್ಲಿಸಲೇ ಇಲ್ಲ.

ಸಂಜೆ ಬಸ್ ಸ್ಟ್ಯಾಂಡಿಗೆ ಬಿಡಲು ಬಂದ ಬೀಗರು ಕಿಟಕಿಯಲ್ಲಿ ಕೈ ತೂರಿಸಿ, ಕನ್ನಡಕವನ್ನು ನನ್ನ ಜೇಬಿಗೆ ಹಾಕಿದರು. "ಮಡಿಕಳಿ. ಇನ್ ಮ್ಯಾಕೆ ನಂಗೆ ಓದೋದು ಬರೆಯೋದು ಏನದೆ?" ನಾನು ಬೇಡವೆಂದೆ. ಮೂರು ಸಲ ಬೇಡವೆಂದೆ. ಬಸ್ಸು ಹೊರಟಿತು.

ಈಗ ಅದು ನನ್ನ ಮೂಗಿನ ಮೇಲೆಯೇ ಇರುತ್ತದೆ. ಹಳೆಯ ಗಿರಾಕಿಗಳು, "ಏನು ಮಾಸ್ಟ್ರೇ, ನಿಮಗೂ ಬಂತಾ?" ಎಂದು ಕೇಳುತ್ತಾರೆ. "ಛೆ ಛೆ, ಬೀಗ್ರು ಕೊಟ್ಟದ್ದು ಸಾ. ಹಾಕ್ಕೊಳ್ದಿದ್ರೆ ಬೇಜಾರು ಮಾಡ್ಕೋತಾರೆ" ಎನ್ನುತ್ತೇನೆ. ಟಿ. ನರಸೀಪುರದಲ್ಲಿರುವ ಬೀಗರಿಗೆ ನಂಜನಗೂಡಿನಲ್ಲಿ ನಾನು ಕನ್ನಡಕ ಹಾಕಿಕೊಂಡಿದ್ದೇನೋ ಇಲ್ಲವೋ ಎನ್ನುವುದು ಹೇಗೆ ತಿಳಿಯುತ್ತದೆ ಎಂದು ಇದುವರೆಗೂ ಯಾರೂ ಕೇಳಿಲ್ಲ. ನಮ್ಮೂರಿನ ಜನ ಒಳ್ಳೆಯವರು.